ನೀಲಿ ಸ್ಕ್ರೀನಿಗೆ ಫಾರ್ಮ್ಯಾಟಾ, ಮೆಮ್‌ಟೆಸ್ಟಾ, ಕ್ಯಾಬಿನೆಟ್ ಬಿಚ್ಚೋದಾ? ಎಲ್ಲಾ ಮಾಡಿ ನೋಡಿದ್ದು

ನಮ್ಮನೆ ಡೆಸ್ಕ್‌ಟಾಪ್ ಅಸೆಂಬಲ್ ಮಾಡ್ಸಿದ್ದು. ರೈಜೆನ್ 5 3400ಜಿ ಪ್ರೊಸೆಸರ್, ಬಿ450 ಬೋರ್ಡು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಗಲೆಲ್ಲಾ ಅದ್ರಲ್ಲಿ ನಂದು ಲಗ್ನಪತ್ರಿಕೆ, ಬ್ಯಾನರ್ ಡಿಸೈನು, ಸಂಜೆ ಆದ್ರೆ ಅಣ್ಣನ ಮಗ ಬಂದು ಗೇಮ್ ಆಡ್ತಾನೆ. ಸರಿಯಾಗಿ ಮದುವೆ ಸೀಸನ್ ಟೈಮಲ್ಲೇ ದಿನಕ್ಕೆ ಎರಡು ಮೂರು ಸಲ ನೀಲಿ ಸ್ಕ್ರೀನ್ ಬರೋಕೆ ಶುರುವಾಯ್ತು, ಒಂದ್ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರುತ್ತೆ, ಇನ್ನೊಂದ್ಸಲ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ ಅಂತ, ಮಾರನೇ ದಿನ ನೋಡಿದ್ರೆ ಯಾವ್ದೋ ಡ್ರೈವರ್ ಹೆಸರು. ಹೊತ್ತಿಗೊಂದು ಹೆಸರು ಹೇಳಿದ್ರೆ ಯಾರನ್ನ ಅಂತ ಹಿಡಿಯೋದು?

ಹತ್ರದ ಅಂಗಡಿಯವ್ರಿಗೆ ಫೋನ್ ಮಾಡಿದ್ರೆ ನೋಡೋಕೂ ಮುಂಚೆನೇ "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಸಿಪಿಯು ತಗೊಂಡ್ ಬನ್ನಿ, ಫಾರ್ಮ್ಯಾಟ್ ಹೊಡ್ಕೊಡ್ತೀನಿ, ಐನೂರು" ಅಂದ್ರು. ಐನೂರು ಯಾಕೆ ಕೊಡ್ಬೇಕು ಅಂತ ನಾನೇ ಮನೇಲಿ ಹೊಡ್ದೆ. ವಿಂಡೋಸ್ ಹಾಕೋಕೆ ಅರ್ಧ ಗಂಟೆ ಸಾಕು, ಆದ್ರೆ ಅದಾದ್ಮೇಲೆ ಪ್ರಿಂಟರ್ ಡ್ರೈವರು, ಡಿಸೈನ್ ಸಾಫ್ಟ್‌ವೇರು, ನುಡಿ, ಫಾಂಟುಗಳು ಅಂತ ಇಡೀ ದಿನ ಹೋಯ್ತು. ನುಡಿ ಫಾಂಟ್ ಹಾಕೋದು ಮರ್ತು ಹಳೇ ಪತ್ರಿಕೆ ಫೈಲ್ ಓಪನ್ ಮಾಡ್ದೆ, ವಧು ವರರ ಹೆಸರಿರೋ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡು ಕೂತಿತ್ತು, ಎದೆ ಧಸಕ್ ಅಂತು. ಇಷ್ಟೆಲ್ಲಾ ಆಗಿ ಮೂರನೇ ದಿನ ಮತ್ತೆ ಅದೇ ನೀಲಿ. ನನ್ನ ಪ್ರಕಾರ ಫಾರ್ಮ್ಯಾಟಿಂದ ಆಗಿರೋ ದೊಡ್ಡ ನಷ್ಟ ಟೈಮಲ್ಲ, ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಒಂದು ಫೋಲ್ಡರಲ್ಲಿ ಪ್ರತಿ ನೀಲಿ ಸ್ಕ್ರೀನಿನ ದಾಖಲೆ ಇರುತ್ತಲ್ಲ, ಅದೂ ಅಳಿಸಿಹೋಯ್ತು. ಕಳ್ಳತನ ಆದ ಮನೇನ ಪೊಲೀಸ್ ಬರೋಕ್ ಮುಂಚೆ ಸಾರ್ಸಿ ರಂಗೋಲಿ ಹಾಕ್ದಂಗೆ.

ಆಮೇಲೆ ವಿಂಡೋಸ್ ಒಳಗಿರೋ ಮದ್ದು, ಎಸ್‌ಎಫ್‌ಸಿ ಮತ್ತೆ ಡಿಸ್ಮ್ ಅನ್ನೋ ಎರಡು ಕಮಾಂಡು, ಕೆಟ್ಟ ಸಿಸ್ಟಮ್ ಫೈಲ್ ಹುಡ್ಕಿ ರಿಪೇರಿ ಮಾಡ್ತವೆ. ಮೊದ್ಲು ಡಿಸ್ಮ್, ಆಮೇಲೆ ಎಸ್‌ಎಫ್‌ಸಿ, ಯಾಕಂದ್ರೆ ಎಸ್‌ಎಫ್‌ಸಿ ರಿಪೇರಿಗೆ ಬೇಕಾಗೋ ಒಳ್ಳೇ ಫೈಲ್‌ಗಳ ಸ್ಟೋರನ್ನ ಸರಿಮಾಡೋದು ಡಿಸ್ಮ್. ದುಡ್ಡಿಲ್ಲ, ಡೇಟಾ ಹೋಗಲ್ಲ, ಫಾರ್ಮ್ಯಾಟಿಗಿಂತ ಸಾವಿರ ಪಾಲು ವಾಸಿ. ಕೆಟ್ಟ ಫೈಲ್ ಸಿಕ್ತು, ರಿಪೇರಿ ಮಾಡ್ದೆ ಅಂತು, ಖುಷಿ ಆಯ್ತು. ಎರಡು ದಿನ ಬಿಟ್ಟು ಮತ್ತೆ ಓಡಿಸಿದ್ರೆ ಮತ್ತೆ ಕೆಟ್ಟ ಫೈಲ್! ಹೊಸ ವಿಂಡೋಸು, ವೈರಸ್ ಇಲ್ಲ, ರಿಪೇರಿ ಆದ್ಮೇಲೂ ಪದೇ ಪದೇ ಕೆಡ್ತಿದೆ ಅಂದ್ರೆ ಕೆಡಿಸ್ತಿರೋರು ಹೊರಗಡೆ ಇದಾರೆ, ರ‍್ಯಾಮೋ ಡಿಸ್ಕೋ. ಡಿಸ್ಕಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡ್ದೆ, ಹೆಲ್ತ್ ಗುಡ್ ಅಂತು.

ಹಾಗಾದ್ರೆ ರ‍್ಯಾಮೇ ಇರ್ಬೇಕು ಅಂತ ವಿಂಡೋಸಿಂದೇ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸ್ದೆ. ರೀಸ್ಟಾರ್ಟ್ ಆಗಿ ಸ್ವಲ್ಪ ಹೊತ್ತು ನೋಡಿ ಎರರ್ ಏನೂ ಇಲ್ಲ ಅಂತು. ನಾನು ನಂಬ್ದೆ. ಈ ಒಂದು ಮಾತು ನಂಬಿ ಒಂದು ವಾರ ಡ್ರೈವರ್ ಹಿಂದೆ ಸುತ್ತಿದೀನಿ. ಅದು ಸುಮ್ನೆ ಬಿಟ್ರೆ ಸ್ಟ್ಯಾಂಡರ್ಡ್ ಟೆಸ್ಟ್ ಎರಡೇ ರೌಂಡ್ ಓಡುತ್ತೆ, ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಮಾಡ್ಕೋಬೇಕು ಅಂತ ಗೊತ್ತಾಗಿದ್ದು ಆಮೇಲೆ.

ಬೇಜಾರಾಗಿ, ವಿಂಡೋಸ್ ಬದ್ಲು ಓಡೋ ಇನ್ನೊಂದು ಓಎಸ್ಸು ಲಿನಕ್ಸ್ ಮಿಂಟ್ ಪೆನ್‌ಡ್ರೈವಿಗೆ ಹಾಕಿ ಅದ್ರಿಂದ್ಲೇ ಬೂಟ್ ಮಾಡ್ದೆ, ಇನ್‌ಸ್ಟಾಲ್ ಮಾಡೋದೇನ್ ಬೇಡ. ಫೈರ್‌ಫಾಕ್ಸಲ್ಲಿ ಇಪ್ಪತ್ತು ಟ್ಯಾಬ್ ತೆಗ್ದು ವಿಡಿಯೋ ಹಾಕಿ ಊಟಕ್ಕೆ ಹೋದೆ, ಬರೋಷ್ಟ್ರಲ್ಲಿ ಟ್ಯಾಬುಗಳು ಒಂದೊಂದಾಗಿ ಸತ್ತಿದ್ವು. ವಿಂಡೋಸ್ ನಿರಪರಾಧಿ ಅಂತ ಒಂದೇ ಗಂಟೇಲಿ ತೀರ್ಮಾನ ಆಯ್ತು, ಇದನ್ನ ಮೊದಲ ದಿನಾನೇ ಮಾಡಿದ್ರೆ ಫಾರ್ಮ್ಯಾಟೇ ಬೇಕಿರ್ಲಿಲ್ಲ. ಒಂದು ಮಾತು, ಲಿನಕ್ಸ್ ಚೆನ್ನಾಗಿ ಓಡಿಬಿಡ್ತು ಅಂತ ಹಾರ್ಡ್‌ವೇರ್ ಸರಿಯಿದೆ ಅನ್ಕೋಬೇಡಿ, ಅದು ಪೆನ್‌ಡ್ರೈವಿಂದ ಓಡುತ್ತೆ, ನಿಮ್ಮ ಡಿಸ್ಕ್ ಮುಟ್ಟೋದೇ ಕಮ್ಮಿ.

ಮತ್ತೆ ರ‍್ಯಾಮ್ ಮೇಲೇ ಅನುಮಾನ ಬಂತು, ಈ ಸಲ ರ‍್ಯಾಮ್ ಪರೀಕ್ಷೆ ಮಾಡೋ ಪ್ರೋಗ್ರಾಂ ಮೆಮ್‌ಟೆಸ್ಟ್. ಹೆಸರು ನೋಡ್ಕೊಳಿ, ಎರಡಿದೆ. ಮೆಮ್‌ಟೆಸ್ಟ್86 ಪಾಸ್‌ಮಾರ್ಕ್ ಕಂಪನಿದು, ಫ್ರೀ ವರ್ಷನ್ನು ನಾಲ್ಕು ರೌಂಡಿಗೆ ನಿಲ್ಲುತ್ತೆ. ಮೆಮ್‌ಟೆಸ್ಟ್86 ಪ್ಲಸ್ ಓಪನ್ ಸೋರ್ಸು, ನೀವು ನಿಲ್ಸೋವರೆಗೂ ಓಡ್ತಾನೇ ಇರುತ್ತೆ, ವರ್ಷನ್ 6ರಿಂದ ಹೊಸ ಥರದ ಬಯೋಸ್ (ಯುಇಎಫ್‌ಐ) ಇರೋ ಬೋರ್ಡಲ್ಲೂ ನಡೆಯುತ್ತೆ. ನಾನು ಪ್ಲಸ್ ಹಾಕಿ ಮಲಗ್ದೆ. ಮೊದಲನೇ ರೌಂಡ್ ಕ್ಲೀನ್, ಅಷ್ಟಕ್ಕೇ ನಿಲ್ಸಿದ್ರೆ ಮತ್ತೆ ಮೋಸ ಹೋಗ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಸ್ಕ್ರೀನ್ ತುಂಬಾ ಕೆಂಪು ಸಾಲು.

ಆದ್ರೆ ಎರಡು ರ‍್ಯಾಮ್ ಸ್ಟಿಕ್ ಇವೆಯಲ್ಲ, ಯಾವ್ದು ಹೋಗಿರೋದು? ಇದಕ್ಕೆ ಕೈಯೇ ಬೇಕು. ವೈರ್ ಕಿತ್ತು, ಪವರ್ ಬಟನ್ ಎರಡು ಸಲ ಒತ್ತಿ ಉಳಿದಿರೋ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್ ಕಬ್ಬಿಣ ಮುಟ್ಟಿ, ರ‍್ಯಾಮ್ ತೆಗ್ದು ಅದರ ಚಿನ್ನದ ಬಣ್ಣದ ಅಂಚನ್ನ ಮಗುವಿನ ರಬ್ಬರಲ್ಲಿ ಮೆತ್ತಗೆ ಉಜ್ಜಿ ಮತ್ತೆ ಹಾಕಿದ್ದು. ಒಂದನ್ನೇ ಹಾಕಿ ರಾತ್ರಿಯೆಲ್ಲಾ ಟೆಸ್ಟ್, ಎರರ್ ಇಲ್ಲ. ಇನ್ನೊಂದನ್ನೇ ಹಾಕಿದ್ರೆ ಅದ್ರಲ್ಲೂ ಇಲ್ಲ. ಎರಡೂ ಒಟ್ಟಿಗೆ ಹಾಕಿದ್ರೆ ಕೆಂಪು! ಅತ್ತೆ ಸೊಸೆ ಬೇರೆ ಬೇರೆ ಇದ್ದಾಗ ಇಬ್ರೂ ಒಳ್ಳೇವ್ರು ಅಂತಾರಲ್ಲ ಹಂಗೆ.

ಆಗ ನೆನಪಾಯ್ತು. ಎರಡನೇ 8 ಜಿಬಿ ಸ್ಟಿಕ್ ಬೇರೆ ಕಂಪನಿದು, ಹಾಕಿದ ದಿನ ಯಾವ್ದೋ ವಿಡಿಯೋ ನೋಡಿ ಬಯೋಸಲ್ಲಿ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಆನ್ ಮಾಡಿ ರ‍್ಯಾಮನ್ನ ಜಾಸ್ತಿ ಸ್ಪೀಡಿಗೆ, 3200ಕ್ಕೆ, ಓಡಿಸ್ತಿದ್ದವ್ನು ನಾನೇ. 3400ಜಿಗೆ ಎಎಂಡಿ ಹೇಳಿರೋದು 2933 ಮಾತ್ರ, ಅದ್ರ ಮೇಲೆ ಓಡಿದ್ರೆ ಅದೃಷ್ಟ. ಎಕ್ಸ್‌ಎಂಪಿ ಆಫ್ ಮಾಡಿದ್ಮೇಲೆ 2666ಕ್ಕೆ ಇಳೀತು, ರಾತ್ರಿಯೆಲ್ಲಾ ಸೊನ್ನೆ ಎರರ್. ಕೊನೇಗೆ ಇನ್ನೊಂದ್ಸಲ ಡಿಸ್ಮ್, ಎಸ್‌ಎಫ್‌ಸಿ ಓಡಿಸ್ದೆ, ಈ ಸಲ ರಿಪೇರಿ ನಿಂತ್ಕೊಳ್ತು.

ನೀಲಿ ಸ್ಕ್ರೀನೇ ಬರ್ದೆ ಲೈಟ್ ಹೋದಂಗೆ ಪಟ್ ಅಂತ ಆಫ್ ಆಗೋ ಕೇಸಿಗೆ ಮೇಲಿನ ಯಾವ್ದೂ ಉಪಯೋಗಕ್ಕೆ ಬರೋದು ಕಷ್ಟ. ವಿಂಡೋಸಿನ ದಾಖಲೆ ಪುಸ್ತಕ ಇವೆಂಟ್ ವ್ಯೂವರಲ್ಲಿ ಕರ್ನಲ್ ಪವರ್ 41 ಅಂತ ಇರುತ್ತೆ, ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಹೇಳುತ್ತೆ ಅಷ್ಟೇ, ಯಾಕೆ ಅಂತ ಹೇಳಲ್ಲ. ಮೊದ್ಲು ಯುಪಿಎಸ್ ಬಿಟ್ಟು ನೇರ ಗೋಡೆ ಪ್ಲಗ್ಗಿಗೆ ಹಾಕಿ ನೋಡಿ, ಆಮೇಲೆ ಫ್ರೆಂಡ್ ಹತ್ರ ಕ್ಯಾಬಿನೆಟ್ಟಿಗೆ ಕರೆಂಟ್ ಕೊಡೋ ಡಬ್ಬಿ, ಎಸ್‌ಎಂಪಿಎಸ್ ಕಡ ತನ್ನಿ. ಮಷೀನ್ ಬರೀ ಸ್ಲೋ ಆಗಿದೆ, ವೈರಸ್ ಹೊಕ್ಕಿದೆ ಅನ್ನೋರಿಗೆ ಮಾತ್ರ ಫಾರ್ಮ್ಯಾಟು, ಅದೂ ಬ್ಯಾಕಪ್ ಮಾಡಿ, ಫಾಂಟ್ ಫೋಲ್ಡರ್ ಸಮೇತ.

ಈಗ ಕೈಯಲ್ಲೇ 2933 ಸೆಟ್ ಮಾಡಿ, ಇನ್ನೊಂದು ರಾತ್ರಿ ಟೆಸ್ಟ್ ಮಾಡಿ ಹಂಗೇ ಬಿಟ್ಟಿದೀನಿ. ಈ ಚಿಪ್ಪಲ್ಲಿ ಗ್ರಾಫಿಕ್ಸಿಗೂ ಅದೇ ರ‍್ಯಾಮಲ್ಲವಾ, ಸ್ಪೀಡ್ ಒಂಚೂರು ಕಮ್ಮಿಯಾಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ಅಣ್ಣನ ಮಗ ಮೊದಲ ದಿನಾನೇ ಕಂಡುಹಿಡ್ದ. "ಚಿಕ್ಕಪ್ಪ, ಮೊದ್ಲು ಇದಕ್ಕಿಂತ ಸ್ಮೂತ್ ಇತ್ತು" ಅಂತಾನೆ.