ನೀರೊಳಗಿನ ಹೂಳಿಗೆ ಏರ್‌ಲಿಫ್ಟ್, ಮಡ್ ಪಂಪ್, ಜೆಟ್: ಗೋವಾದಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ

ಬಾವಿಯಲ್ಲಿ ನೀರು ಇರುವಾಗಲೇ ತಳದ ಹೂಳು ತೆಗೆಯಬೇಕು ಅಂದ್ರೆ ಯಾವ ಸೆಟ್ ತರಬೇಕು ಅಂತ ಫೋಂಡಾ, ಮಡಗಾಂವ್, ವಾಸ್ಕೋ ಕಡೆ ಕೆಲಸ ಹಿಡಿಯುವ ನಮ್ಮ ಕನ್ನಡದ ಹುಡುಗರು ಕೇಳುತ್ತಲೇ ಇರುತ್ತಾರೆ. ನಾನು ಗೋವಾದಲ್ಲಿ ಬಾವಿ, ಕೊಳ, ಕ್ವಾರಿ ಹೊಂಡ ಕ್ಲೀನ್ ಮಾಡಿಸುವ ಕೆಲಸದಲ್ಲಿದ್ದೇನೆ. ಕಂಪ್ರೆಸರ್ ಗಾಳಿಯಿಂದ ನಡೆಯುವ ಏರ್‌ಲಿಫ್ಟ್, ಕರೆಂಟಿನ ಸಬ್‌ಮರ್ಸಿಬಲ್ ಮಡ್ ಪಂಪ್, ನೀರಿನ ಜೆಟ್ ಬಿಟ್ಟು ಹೀರುವ ಎಜೆಕ್ಟರ್, ಈ ಮೂರನ್ನೂ ಓಡಿಸಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಎಚ್‌ಪಿ ಕೇಳುವ ಮುಂಚೆ ನೀರಿನ ಆಳ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಸಾಕು. ಯಾವ ಮಷಿನ್ ಬೇಕು ಅನ್ನೋದು ಅರ್ಧಕ್ಕಿಂತ ಜಾಸ್ತಿ ಅಲ್ಲೇ ತೀರ್ಮಾನ ಆಗುತ್ತದೆ.

ಏರ್‌ಲಿಫ್ಟ್ ನಮ್ಮವರಿಗೆ ಹೊಸದೇನಲ್ಲ. ಕೋಲಾರ, ಗದಗ, ಬಾಗಲಕೋಟೆ ಕಡೆ ನೀರು ಕಡಿಮೆ ಇರುವ ಬೋರ್‌ವೆಲ್‌ಗೆ ಕಂಪ್ರೆಸರ್ ಪಂಪ್ ಕೂರಿಸುತ್ತಾರಲ್ಲ, ಪೈಪಿನಿಂದ ನೀರು ಬುಸ್ ಬುಸ್ ಅಂತ ಬಿಟ್ಟು ಬಿಟ್ಟು ಬರುತ್ತದಲ್ಲ, ಅದೇ ಇದು. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ತಳದ ಸ್ಲಡ್ಜ್, ಅಂದ್ರೆ ಕೆಸರು, ವಾಪಸ್ ಕಳಿಸೋದಕ್ಕೂ ಬಹಳ ಕಡೆ ಇದನ್ನೇ ಇಟ್ಟಿರುತ್ತಾರೆ. ಎರಡೂ ಬಾಯಿ ತೆರೆದ ಪೈಪನ್ನು ನೀರಿಗೆ ನೆಟ್ಟಗೆ ಇಳಿಸಿ, ಕೆಳಗಿನ ಬಾಯಿಯ ಹತ್ತಿರ ಗಾಳಿ ಬಿಡಬೇಕು. ಪೈಪಿನೊಳಗೆ ನೀರು ಗಾಳಿ ಬೆರೆತು ಹಗುರ ಆಗುತ್ತದೆ. ಹೊರಗಿನ ನೀರು ಭಾರ. ಆ ಭಾರವೇ ಕೆಳಗಿನಿಂದ ಒತ್ತಿ ಒಳಗಿನದನ್ನು ಮೇಲಕ್ಕೆ ತಳ್ಳುತ್ತದೆ, ಜೊತೆಗೆ ಕೆಸರು, ಮರಳು, ಜಲ್ಲಿ ಎಲ್ಲ ಬರುತ್ತದೆ. ಒಳಗೆ ತಿರುಗುವ ಚಕ್ರ ಇಲ್ಲ, ಸೀಲ್ ಇಲ್ಲ, ವೈರ್ ಇಲ್ಲ.

ನಮ್ಮ ಸೆಟ್ ಸರಳ. 110 ಎಂಎಂ ಪಿವಿಸಿ ಪೈಪು, ಬಾಯಿಂದ ಒಂದಡಿ ಮೇಲೆ ಸುತ್ತಲೂ ಸಣ್ಣ ತೂತು, ಅದರ ಮೇಲೆ ದೊಡ್ಡ ಪೈಪಿನ ತುಂಡನ್ನು ಬಳೆಯ ಹಾಗೆ ತೊಡಿಸಿ ಎರಡೂ ಕಡೆ ಸೀಲ್ ಮಾಡಿದ್ದು, ಅದಕ್ಕೆ ಗಾಳಿಯ ಹೋಸ್. ಮೇಲೆ ಮೂರು ಕಾಲಿನ ಸ್ಟ್ಯಾಂಡು, ರಾಟೆ. ಕಂಪ್ರೆಸರ್ ಅಂದ್ರೆ ಕಲ್ಲು ಕೊರೆಯೋಕೆ ಬರುವ ಟ್ರ್ಯಾಕ್ಟರ್ ಕಂಪ್ರೆಸರ್. ಪಂಚರ್ ಅಂಗಡಿಯಲ್ಲಿರುವ ಸಣ್ಣದರಿಂದ ಈ ಕೆಲಸ ಆಗುವುದಿಲ್ಲ. ಅದರಲ್ಲಿ ಪ್ರೆಷರ್ ಬೇಕಾದಷ್ಟಿದೆ, ಗಾಳಿಯ ಪ್ರಮಾಣ ಸಾಲದು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ಯಾಕಂದ್ರೆ ಬಾಡಿಗೆಯವನು ಯಾವಾಗಲೂ ಪ್ರೆಷರ್ ಲೆಕ್ಕವನ್ನೇ ಹೇಳುತ್ತಾನೆ. 10 ಮೀಟರ್ ನೀರಿನ ತಳದಲ್ಲಿ ಗಾಳಿ ಹೊರಗೆ ಬರಬೇಕಾದರೆ ಬೇಕಿರೋದು ಸುಮಾರು 1 ಬಾರ್, ಅಂದ್ರೆ 14-15 ಪಿಎಸ್‌ಐ, ಜೊತೆಗೆ ಹೋಸಿನಲ್ಲಿ ಹೋಗುವ ಸ್ವಲ್ಪ. 100 ಪಿಎಸ್‌ಐ ಇದ್ದರೂ ಉಳಿದದ್ದು ಕೆಲಸಕ್ಕೆ ಬರೋದಿಲ್ಲ. ಎಷ್ಟು ಸಿಎಫ್‌ಎಂ ಗಾಳಿ, ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ನಿಲ್ಲದೆ ಬರುತ್ತದೆ ಅನ್ನೋದೇ ಮುಖ್ಯ.

ಹಾಗಂತ ಗಾಳಿ ಜಾಸ್ತಿ ಬಿಟ್ಟಷ್ಟೂ ಹೂಳು ಜಾಸ್ತಿ ಬರುತ್ತದೆ ಅಂತಲ್ಲ. ಒಂದು ಮಿತಿ ದಾಟಿದರೆ ಪೈಪಿನ ನಡುವೆ ಬರೀ ಗಾಳಿ ಓಡಿ, ನೀರು ಗೋಡೆಗೆ ಅಂಟಿಕೊಂಡು ಜಿನುಗುತ್ತದೆ. ಮೇಲೆ ನಿಂತವನಿಗೆ ಮುಖಕ್ಕೆ ತುಂತುರು ಅಷ್ಟೇ. ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಸದ್ದು ಬದಲಾಗುತ್ತದೆ. ಸುಯ್ ಅನ್ನೋದು ಹೋಗಿ ಗುಳುಕ್ ಗುಳುಕ್ ಅಂತ ಒಂದೇ ಲಯಕ್ಕೆ ಬಂದಾಗ ಪೈಪನ್ನು ಕೈಯಲ್ಲಿ ಹಿಡಿದು ನೋಡಿ, ಜಲ್ಲಿ ಒಳಗೆ ಬಡಿಯುತ್ತಾ ಏರೋದು ಅಂಗೈಗೆ ಗೊತ್ತಾಗುತ್ತದೆ. ವಾಲ್ವ್ ಅಲ್ಲಿಗೇ ಬಿಡಿ.

ಇನ್ನು ಆಳದ ಲೆಕ್ಕ. ಗಾಳಿ ಬಿಡುವ ಜಾಗದಿಂದ ಪೈಪಿನ ಮೇಲಿನ ಬಾಯಿವರೆಗಿನ ಉದ್ದದಲ್ಲಿ ಎಷ್ಟು ಭಾಗ ನೀರೊಳಗಿದೆ ಅಂತ ನೋಡಬೇಕು. ಶೇ. 60ರಿಂದ 70 ಮುಳುಗಿದ್ದರೆ ಒಳ್ಳೆಯ ಕೆಲಸ. ಶೇ. 50ಕ್ಕಿಂತ ಕೆಳಗೆ ಹೋದರೆ ನೀರು ಬಂದರೂ ಕಲ್ಲು ಮರಳು ಹೊತ್ತು ತರುವ ವೇಗ ಇರೋದಿಲ್ಲ.

ಮೂರು ಜಾಗದಲ್ಲಿ ಇದು ಹೇಗಾಯಿತು ಅಂತ ಹೇಳುತ್ತೇನೆ. ಮೊದಲನೆಯದು ನೀರು ತುಂಬಿದ ಹಳೆಯ ಚಿರೆಕಲ್ಲಿನ (ಕೆಂಪು ಮುರಕಲ್ಲು) ಕ್ವಾರಿ. ಮಳೆಗಾಲ ಮುಗಿದಾಗ 10 ಮೀಟರ್ ನೀರು. ತೋಟಕ್ಕೆ ಆ ನೀರು ಎತ್ತುತ್ತಾರೆ, ಪಂಪಿನ ಫುಟ್‌ವಾಲ್ವ್ ಇರುವ ಮೂಲೆ ಮಾತ್ರ ಕ್ಲೀನ್ ಆಗಬೇಕಿತ್ತು. ತೆಪ್ಪದ ಮೇಲೆ ಸ್ಟ್ಯಾಂಡ್ ಇಟ್ಟು ನೀರಿನ ಮಟ್ಟದಿಂದ ಒಂದೇ ಮೀಟರ್ ಮೇಲೆ ಸುರಿಯುವ ಹಾಗೆ ಕಟ್ಟಿದೆವು. ಅಂದ್ರೆ ಶೇ. 90 ಪೈಪು ನೀರೊಳಗೆ. ಏನು ಸೆಳೆತ ಅಂತೀರಿ! 10 ಮೀಟರ್ ಕೆಳಗೆ ಹೊರಟ ಗುಳ್ಳೆ ಮೇಲೆ ಬರುವಷ್ಟರಲ್ಲಿ ಎರಡರಷ್ಟು ದೊಡ್ಡದಾಗುತ್ತದೆ, ಹಾಗಾಗಿ ಮೇಲೆ ಏರಿದಷ್ಟೂ ರಭಸ ಜಾಸ್ತಿ. ಕೆಂಪು ರಾಡಿ, ಮುಷ್ಟಿ ಗಾತ್ರದ ಚಿರೆಕಲ್ಲಿನ ಚೂರು, ಕೊಳೆತ ಗೋಡಂಬಿ ಎಲೆಯ ಮುದ್ದೆ, ಎಲ್ಲ ಒಂದೇ ಸಮ ಬಂತು. ಇಂಥ ಜಾಗದಲ್ಲಿ ಮಡ್ ಪಂಪ್ ಆಗಲಿ ಜೆಟ್ ಆಗಲಿ ಇದರ ಹತ್ತಿರ ಸುಳಿಯೋದಿಲ್ಲ. ಒಂದು ತೊಂದರೆ ಇದೆ. ಏರ್‌ಲಿಫ್ಟ್ ನೆಟ್ಟಗೆ ಎತ್ತುತ್ತದೆ, ಅಡ್ಡಕ್ಕೆ ತಳ್ಳೋದಿಲ್ಲ. ಮೇಲೆ ಬಂದ ಹೂಳನ್ನು ದಡಕ್ಕೆ ಸಾಗಿಸೋಕೆ ತೆರೆದ ಕಾಲುವೆಯಂಥ ಇಳಿಜಾರಾದ ದೋಣಿ ಬೇಕೇ ಬೇಕು. ಅಡ್ಡ ಪೈಪ್ ಜೋಡಿಸಿದರೆ ಗಾಳಿ ಬೇರೆ, ಕೆಸರು ಬೇರೆ ಆಗಿ ಅಲ್ಲೇ ಕಟ್ಟಿಕೊಳ್ಳುತ್ತದೆ.

ಎರಡನೆಯದು ಫೋಂಡಾ ಕಡೆಯ ಒಂದು ಮನೆ ಬಾವಿ. 7 ಮೀಟರ್ ನೀರು, ಅಲ್ಲಿಂದ ಕಟ್ಟೆ ದಾಟಿಸೋಕೆ ಇನ್ನೂ 5 ಮೀಟರ್. ಲೆಕ್ಕ ಶೇ. 58. ಶುರುವಿನಲ್ಲಿ ಚೆನ್ನಾಗಿಯೇ ಬಂತು. ಆದರೆ ಹೂಳಿನ ಜೊತೆ ನೀರೂ ಹೋಗುತ್ತದಲ್ವಾ, ಮಟ್ಟ ಇಳಿಯುತ್ತದೆ. ಎರಡು ಮೀಟರ್ ಇಳಿದರೆ ಶೇ. 42 ಆಯಿತು, ಕೆಲಸ ನಿಂತಂತೆಯೇ. ಅದಕ್ಕೆ ಬಾವಿ ಪಕ್ಕದಲ್ಲಿ ಟಾರ್ಪಾಲ್ ಹಾಸಿ ಎರಡು ಗುಂಡಿ ಮಾಡಿಸಿದೆ. ಒಂದರಲ್ಲಿ ಹೂಳು ಕೂರುತ್ತದೆ, ತಿಳಿ ನೀರು ಇನ್ನೊಂದಕ್ಕೆ ಹರಿದು ಅಲ್ಲಿಂದ ವಾಪಸ್ ಬಾವಿಗೆ. ಮಟ್ಟ ಇಳಿಯಲಿಲ್ಲ, ಮನೆಯವರಿಗೆ ನೀರೂ ಉಳಿಯಿತು.

ನೀರು ಉಳಿಸೋದು ಬರೀ ಮನೆಯವರ ಖುಷಿಗಲ್ಲ. ಕೊಂಕಣದ ನೆಲದಲ್ಲಿ ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಬಿಳಿ-ಹಳದಿ-ಗುಲಾಬಿ ಬಣ್ಣದ ಮೆತ್ತನೆಯ ಜೇಡಿ. ಕರಾವಳಿಯಲ್ಲಿ ಶೇಡಿ ಮಣ್ಣು ಅಂತಾರೆ. ಬಾವಿ ಪೂರ್ತಿ ಖಾಲಿ ಮಾಡಿದರೆ ಆ ಮಣ್ಣನ್ನು ಒಳಗಿನಿಂದ ಒತ್ತಿ ಹಿಡಿದಿದ್ದ ನೀರು ಹೋಗುತ್ತದೆ, ಹಿಂದಿನ ನೀರು ಮಣ್ಣನ್ನು ಮುಂದಕ್ಕೆ ತಳ್ಳುತ್ತದೆ, ಮಣ್ಣು ಕರಗಿ ಜಾರುತ್ತದೆ. ಮೇಲಿನ ಕಲ್ಲು ಆಧಾರ ಇಲ್ಲದೆ ನಿಲ್ಲುತ್ತದೆ. ಅದರ ಕೆಳಗೆ ನಮ್ಮ ಹುಡುಗನನ್ನು ಬುಟ್ಟಿ ಕೊಟ್ಟು ಇಳಿಸಬೇಕಾ? ನನಗೆ ಮನಸ್ಸು ಒಪ್ಪೋದಿಲ್ಲ. ಹಳೆಯ ಹೂಳು ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್ ಬೇರೆ ಏಳುತ್ತದೆ. ಹಳ್ಳ, ಖಾಡಿಗಳ (ಸಮುದ್ರದ ನೀರು ಒಳಗೆ ಬರುವ ಜಾಗ) ಪಕ್ಕದ ಬಾವಿಗಳಲ್ಲಿ ಇನ್ನೊಂದು ಭಯ, ಅತಿಯಾಗಿ ನೀರು ಎಳೆದರೆ ಉಪ್ಪು ನೀರು ಒಳಗೆ ನುಗ್ಗುತ್ತದೆ. ಏರ್‌ಲಿಫ್ಟ್‌ನಲ್ಲಿ ಯಾರೂ ಕೆಳಗೆ ಇಳಿಯಬೇಕಿಲ್ಲ, ಪೈಪನ್ನು ಮೇಲಿನಿಂದಲೇ ಹಗ್ಗದಲ್ಲಿ ಅತ್ತ ಇತ್ತ ಆಡಿಸಿದರೆ ಆಯಿತು. ನಾನು ಬಾವಿಗೆ ಇದನ್ನೇ ಹಿಡಿದುಕೊಂಡಿರೋದು ಈ ಒಂದು ಕಾರಣಕ್ಕೆ. ಡೀಸೆಲ್ ಮೂರರಲ್ಲಿ ಇದೇ ಜಾಸ್ತಿ ಕುಡಿಯುತ್ತದೆ, ಕುಡಿಯಲಿ.

ಮೂರನೆಯದು ದೇವಸ್ಥಾನದ ಕೊಳ. ಒಂದೂವರೆ ಮೀಟರ್ ನೀರು, ದಡ ಇನ್ನೂ ಅಷ್ಟೇ ಎತ್ತರ. ಏರ್‌ಲಿಫ್ಟ್ ಹಾಕಿದರೆ ತೇಗಿದ ಹಾಗೆ ಒಂದೊಂದು ಸಲ ನೀರು ಉಗುಳಿತು, ಕೆಸರು ಕೂತಲ್ಲೇ ಕೂತಿತ್ತು. ಇಷ್ಟು ಕಡಿಮೆ ನೀರಿನಲ್ಲಿ ಒತ್ತೋಕೆ ಭಾರವೇ ಇಲ್ಲ.

ಅಲ್ಲಿ ಕೆಲಸ ಮಾಡಿದ್ದು ಜೆಟ್. 5 ಎಚ್‌ಪಿ ಪಂಪಿನಿಂದ ನೀರನ್ನು ಸಣ್ಣ ನಾಜಲ್ ಮೂಲಕ ದೊಡ್ಡ ಪೈಪಿನೊಳಗೆ ರಭಸವಾಗಿ ಬಿಟ್ಟರೆ ಅದರ ಹಿಂದೆ ಸೆಳೆತ ಹುಟ್ಟಿ ಕೆಸರನ್ನು ಎಳೆದುಕೊಳ್ಳುತ್ತದೆ. ಆಳ ಎಷ್ಟಾದರೂ ಇರಲಿ, ಮೊಣಕಾಲು ನೀರಿದ್ದರೂ ನಡೆಯುತ್ತದೆ. ಅಡ್ಡಕ್ಕೂ ಸಾಗಿಸುತ್ತದೆ. ಆದರೆ ಎತ್ತರಕ್ಕೆ ಎತ್ತುವ ಶಕ್ತಿ ಕಡಿಮೆ, ಬಾವಿ ಕಟ್ಟೆ ದಾಟಿಸೋಕೆ ನಂಬಬೇಡಿ. ಪಂಪಿಗೆ ಹೋಗುವ ನೀರು ತಿಳಿಯಾಗಿರಬೇಕು, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಫುಟ್‌ವಾಲ್ವನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ಬುಟ್ಟಿಗೆ ಬಲೆ ಸುತ್ತಿ, ಕೊಳದ ಇನ್ನೊಂದು ತುದಿಗೆ ಬಿಟ್ಟರೆ ಆ ಕಾಟ ಇರೋದಿಲ್ಲ. ಮರಳು, ನುಣುಪು ಕೆಸರಿಗೆ ಜೆಟ್ ಬಹಳ ಚೆನ್ನ. ಗಟ್ಟಿ ಕಟ್ಟಿದ ಜೇಡಿಗೆ ಮೊದಲು ಸಲಾಕೆಯಿಂದ ಕೆದಕಿ ಕೊಡಬೇಕು.

ಮಡ್ ಪಂಪ್ ಬಗ್ಗೆ ಕಡಿಮೆ ಹೇಳುತ್ತೇನೆ. ತೆಳ್ಳಗಿನ ರಾಡಿ ಇದ್ದರೆ, ಜಾಗ ಖಾಲಿ ಮಾಡುವುದೇ ಉದ್ದೇಶ ಆಗಿದ್ದರೆ, ಇದೇ ಬೇಗ, ಇದೇ ಅಗ್ಗ. ಕಟ್ಟಡದ ಪಾಯದ ಗುಂಡಿಗೆ ಇದನ್ನೇ ತನ್ನಿ. ಆದರೆ ಕೊಳದ ತಳದಲ್ಲಿ ಏನೇನಿರುತ್ತದೆ ಗೊತ್ತಲ್ಲ, ತೆಂಗಿನ ನಾರು, ಹೂವಿನ ಹಾರದ ದಾರ, ಪ್ಲಾಸ್ಟಿಕ್ ಚೀಲ, ಸೀರೆ ತುಂಡು. ಇಂಪೆಲ್ಲರ್‌ಗೆ (ಪಂಪಿನೊಳಗೆ ತಿರುಗುವ ಚಕ್ರ) ಸುತ್ತಿಕೊಂಡು ಮೋಟರ್ ನಿಲ್ಲುತ್ತದೆ. ಚಿರೆಕಲ್ಲಿನ ಹರಳು ಇಂಪೆಲ್ಲರನ್ನೂ ಸೀಲನ್ನೂ ಸವೆಸುತ್ತದೆ. ನಾವು ಬಾಡಿಗೆಗೆ ತಂದ ಒಂದರ ಕೇಬಲ್ ಸಿಪ್ಪೆ ಬಿರುಕು ಬಿಟ್ಟಿತ್ತು, ನೋಡಿದ ತಕ್ಷಣ ವಾಪಸ್ ಕಳಿಸಿದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸಾಧನ) ಇಲ್ಲದೆ ಸ್ವಿಚ್ ಹಾಕಬೇಡಿ, ಪಂಪ್ ಓಡುವಾಗ ಯಾರನ್ನೂ ನೀರಿಗೆ ಇಳಿಸಬೇಡಿ. ಇದರಲ್ಲಿ ರಾಜಿ ಬೇಡ.

ಏರ್‌ಲಿಫ್ಟ್‌ನಲ್ಲಿ ಕರೆಂಟಿನ ಭಯ ಇಲ್ಲ ಅಂದ ಮಾತ್ರಕ್ಕೆ ಅಪಾಯವೇ ಇಲ್ಲ ಅಂತ ಅಲ್ಲ. ಕೆಳಗಿನ ಬಾಯಿಗೆ ಕಲ್ಲೋ ಚೀಲವೋ ಅಡ್ಡ ಬಂದರೆ ಪೈಪಿನ ನೀರೆಲ್ಲ ಹೊರಗೆ ಹೋಗಿ ಬರೀ ಗಾಳಿ ತುಂಬುತ್ತದೆ. 110 ಎಂಎಂ ಪೈಪು 8 ಮೀಟರ್ ಮುಳುಗಿದ್ದರೆ ಅದರಲ್ಲಿ 70 ಲೀಟರ್‌ಗೆ ಹತ್ತಿರ ಜಾಗ ಇದೆ, ಅಂದ್ರೆ ಅದನ್ನು ಮೇಲಕ್ಕೆ ಎಬ್ಬಿಸುವ ಬಲವೂ ಸುಮಾರು 70 ಕೆ.ಜಿ. ಒಮ್ಮೆ ಕಟ್ಟೆಯ ಮೇಲಿದ್ದ ನಮ್ಮ ಹುಡುಗ "ಯಣ್ಣಾ, ಪೈಪು ಮ್ಯಾಗ ಬರಾಕತ್ತೈತಿ!" ಅಂತ ಕೂಗಿದ. ವಾಲ್ವ್ ಹಿಡಿದಿದ್ದವನು ತಕ್ಷಣ ಮುಚ್ಚಿದ, ಪೈಪು ಇಳಿಯಿತು. ಅದಕ್ಕೇ ವಾಲ್ವ್ ಹತ್ತಿರ ಒಬ್ಬ ಯಾವಾಗಲೂ ಇರಬೇಕು, ಪೈಪಿನ ಕೆಳತುದಿಗೆ ಭಾರ ಕಟ್ಟಿರಬೇಕು. ಗಾಳಿ ಹೋಸಿನ ಪ್ರತಿ ಜಾಯಿಂಟಿಗೂ ಉಕ್ಕಿನ ತಂತಿಯ ಸೇಫ್ಟಿ ಕಟ್ಟಿ, ಕಳಚಿದ ಹೋಸ್ ಹಾವಿನ ಹಾಗೆ ಬೀಸಿ ಹೊಡೆಯುತ್ತದೆ. ಬಾಯಿಗೆ ಅಡ್ಡಲಾಗಿ ಎರಡು ಸರಳು ಹಾಕಿದರೆ ದೊಡ್ಡ ಕಲ್ಲು ಒಳಗೆ ಸಿಕ್ಕಿಕೊಳ್ಳೋದಿಲ್ಲ.

ಸಮುದ್ರದ ತಳದಲ್ಲಿ ಮುಳುಗಿದ ಹಡಗು ಅಗೆಯುವವರೂ ಇದನ್ನೇ ಬಳಸುತ್ತಾರೆ. 1952ರಲ್ಲಿ ಫ್ರಾನ್ಸಿನ ಮಾರ್ಸೇ ಹತ್ತಿರ ಅಲ್ಲಿನ ಹೆಸರಾಂತ ಮುಳುಗುಗಾರ ಜಾಕ್ ಕೂಸ್ತೋ ಅವರ ತಂಡ ಏರ್‌ಲಿಫ್ಟ್ ಇಟ್ಟು ಹಳೆಯ ಹಡಗಿನ ಮೇಲಿನ ಕೆಸರು ತೆಗೆದಿತ್ತು, 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಅಗೆತದಲ್ಲೂ ಇದು ಇತ್ತು. ಅವರು ಪೈಪಿನ ಬಾಯನ್ನು ವಸ್ತುವಿನ ಹತ್ತಿರ ಒಯ್ಯೋದಿಲ್ಲ, ಕೈಯಿಂದ ಮೆಲ್ಲಗೆ ಕೆಸರು ಬೀಸಿ ಪೈಪಿನ ಕಡೆ ಕಳಿಸುತ್ತಾರೆ. ನಮ್ಮ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ನೀರೊಳಗಿನ ಪುರಾತತ್ತ್ವದ ಕೆಲಸ ಕಟ್ಟಿದವರು ಎಸ್.ಆರ್. ರಾವ್, ನಮ್ಮ ಶಿವಮೊಗ್ಗ ಜಿಲ್ಲೆಯವರು. ಇದನ್ನು ನಾನು ಹುಡುಗರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ. ಬಾವಿಯಲ್ಲೂ ಸುರಿಯುವ ಜಾಗಕ್ಕೆ ಒಂದು ಜರಡಿ ಇಡಿ. ಹಳೆಯ ನಾಣ್ಯ, ಮೂಗುಬೊಟ್ಟು, ಕೀಲಿಕೈ ಸ್ವಲ್ಪವೂ ನಜ್ಜಾಗದೆ ಬರುತ್ತವೆ. ಸಿಕ್ಕಿದ್ದೆಲ್ಲ ಮನೆಯವರದ್ದು, ಅವರ ಎದುರಿಗೇ ಎಣಿಸಿ ಕೊಡಿ.

ಇನ್ನೆರಡು ಮಾತು. ನೀರೊಳಗೆ ಮುಳುಗುವವನಿಗೆ ಇದೇ ಕಂಪ್ರೆಸರ್‌ನಿಂದ ಉಸಿರಾಡೋಕೆ ಹೋಸ್ ಕೊಡೋಣವಾ ಅಂತ ಕೆಲವರು ಕೇಳುತ್ತಾರೆ. ಖಂಡಿತ ಬೇಡ. ಅದರ ಗಾಳಿಯಲ್ಲಿ ಎಣ್ಣೆ ಇರುತ್ತದೆ, ಇಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳಬಹುದು, ಜೀವ ಹೋಗುತ್ತದೆ. ಇನ್ನೊಂದು, ಮಾಂಡವಿ, ಜುವಾರಿ, ಶಾಪೋರಾ ಅಂತ ನದಿಯಲ್ಲಿ ಮರಳು ಹೀರೋಕೆ ಈ ಸೆಟ್ ಬಾಡಿಗೆಗೆ ಕೇಳುವವರಿಗೆ ನಾನು ಕೊಡೋದಿಲ್ಲ. ನೀವೂ ಕೊಡಬೇಡಿ. ಅನುಮತಿ ಇಲ್ಲದ ಮರಳು ತೆಗೆತ ಅಪರಾಧ, ದಡ ಕುಸಿದು ತೋಟ ಕಳೆದುಕೊಳ್ಳೋದು ಅಲ್ಲಿನವರು, ಸಿಕ್ಕಿಬೀಳೋದು ಕೂಲಿಗೆ ಬಂದ ನಮ್ಮ ಹುಡುಗರು.

ಬಾಡಿಗೆ ಮಾತಾಡುವ ಮುಂಚೆ ನೀರಿನ ಆಳ, ನೀರಿನಿಂದ ಸುರಿಯುವ ಜಾಗದ ಎತ್ತರ, ತಳದಲ್ಲಿ ಮರಳಾ ಜೇಡಿಯಾ, ಟ್ರ್ಯಾಕ್ಟರ್ ಹತ್ತಿರ ಬರೋಕೆ ದಾರಿ ಇದೆಯಾ, ಇಷ್ಟು ಬರೆದುಕೊಂಡು ಬನ್ನಿ. ಬಾವಿಯಲ್ಲಿ 3 ಮೀಟರ್‌ಗಿಂತ ಕಡಿಮೆ ನೀರಿದ್ದರೆ ಕಂಪ್ರೆಸರ್ ತರಿಸಬೇಡಿ. ಮಳೆ ನಿಂತು ಬಾವಿ ತುಂಬಿರುವ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲಸ ಇಟ್ಟುಕೊಳ್ಳಿ. ಎಲ್ಲರೂ ಏಪ್ರಿಲ್‌ನಲ್ಲಿ ಕರೆಯುತ್ತಾರೆ, ಏರ್‌ಲಿಫ್ಟ್‌ಗೆ ಅಷ್ಟು ಕೆಟ್ಟ ತಿಂಗಳು ಇನ್ನೊಂದಿಲ್ಲ.