ಮೀನಿನ ಫೋಟೋ ಆಸೆಗೆ ‘ಕ್ಯಾಮೆರಾ ಸಹಿತ’ ಸ್ಕೂಬಾ ಪ್ಯಾಕೇಜ್ ಕೊಳ್ಳುವ ಮುನ್ನ

“ಈಜು ಬರಬೇಕಿಲ್ಲ, ತರಬೇತಿ ಬೇಕಿಲ್ಲ, ಕ್ಯಾಮೆರಾ ನಾವೇ ಕೊಡುತ್ತೇವೆ, ಹವಳದ ಮೀನುಗಳ ಫೋಟೋ ನೀವೇ ತೆಗೆಯಬಹುದು” ಎಂದು ಬಳ್ಳಾರಿ, ಸಂಡೂರು ಕಡೆಯ ಛಾಯಾಗ್ರಾಹಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೇತ್ರಾಣಿ ದ್ವೀಪದ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕಿಳಿಯುವ) ಪ್ಯಾಕೇಜ್‌ಗಳನ್ನು ಮಾರಲಾಗುತ್ತಿದೆ. ಅಂಥದೊಂದನ್ನು ಬಳ್ಳಾರಿಯ ಏಜೆಂಟರೊಬ್ಬರ ಮೂಲಕ ಕೊಂಡು ನಾನೂ ನನ್ನ ಸ್ನೇಹಿತರೊಬ್ಬರೂ ಹೋಗಿಬಂದೆವು. ಹೋದ ಹಣಕ್ಕಿಂತ ಸ್ನೇಹಿತರ ಕಿವಿಗೆ ಆದ ಪೆಟ್ಟು ದೊಡ್ಡದಾದ್ದರಿಂದ ನಡೆದುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ನೇತ್ರಾಣಿಯ ಬಗ್ಗೆ ನನ್ನ ತಕರಾರಿಲ್ಲ. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ಆ ದ್ವೀಪದ ಸುತ್ತ ಹವಳವಿದೆ, ಬಟರ್‌ಫ್ಲೈ ಫಿಶ್, ಪ್ಯಾರಟ್ ಫಿಶ್‌ಗಳಿವೆ, ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ ನೀರೂ ತಿಳಿಯಾಗುತ್ತದೆ. ತಕರಾರಿರುವುದು ಮೊದಲ ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರ ಕೈಗೆ ಕ್ಯಾಮೆರಾ ಕೊಟ್ಟು ಅದಕ್ಕೆ ಹೆಚ್ಚುವರಿ ಹಣ ಪಡೆಯುವ ವ್ಯಾಪಾರದ ಬಗ್ಗೆ.

ನಮ್ಮ ಕಡೆಯವರು ದರೋಜಿಯ ಕರಡಿಗಳನ್ನು ಉದ್ದನೆಯ ಲೆನ್ಸ್‌ನಲ್ಲಿ ತೆಗೆದು ಪಳಗಿದವರು. ಸಂಜೆಯ ಮಬ್ಬು ಬೆಳಕಿನಲ್ಲಿ ಕೈ ಅಲುಗದಿರಲೆಂದು ಉಸಿರು ಬಿಗಿಹಿಡಿದು ಶಟರ್ ಒತ್ತುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಸ್ಕೂಬಾದ ಮೊದಲ ನಿಯಮವೇ ಇದಕ್ಕೆ ವಿರುದ್ಧವಾದುದು: ನೀರಿನೊಳಗೆ ಉಸಿರನ್ನು ಎಂದೂ ಹಿಡಿಯಬಾರದು. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಎರಡರಷ್ಟಾಗುವುದರಿಂದ, ಅಲ್ಲಿ ಎಳೆದುಕೊಂಡ ಗಾಳಿಯನ್ನು ಹೊರಬಿಡದೆ ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಎದೆ ತುಂಬ ಗಾಳಿ ಹಿಡಿದವರ ದೇಹ ತಾನಾಗಿಯೇ ಮೇಲೇಳತೊಡಗುತ್ತದೆ ಎಂಬುದು ಇದರ ಇನ್ನೊಂದು ಅಪಾಯ. ಸ್ನೇಹಿತರಿಗೆ ಆದದ್ದೂ ಅದೇ. ಮೀನೊಂದನ್ನು ಚೌಕಟ್ಟಿಗೆ ತಂದುಕೊಳ್ಳುತ್ತಿದ್ದಂತೆ ಅವರು ಮೇಲಕ್ಕೆ ತೇಲಿದರು, ಮಾರ್ಗದರ್ಶಕರು ಕಾಲು ಹಿಡಿದು ಕೆಳಗೆಳೆದರು. ದೋಣಿಯಲ್ಲಿ ಕೊಟ್ಟ ಅವಸರದ ವಿವರಣೆಯಲ್ಲಿ ಕೈಸನ್ನೆಗಳನ್ನು ಕಲಿಸಿದರು, ಕ್ಯಾಮೆರಾದ ಗುಂಡಿಯನ್ನು ತೋರಿಸಿದರು, ಆದರೆ ಫೋಟೋ ತೆಗೆಯುವಾಗಿನ ಉಸಿರಾಟದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಕಿವಿಯ ಪೆಟ್ಟಿಗೂ ಕ್ಯಾಮೆರಾವೇ ಕಾರಣವಾಯಿತು. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲನೆ ಗಾಳಿ ಊದಿ ಕಿವಿಯ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಹೊಂದಿಸುತ್ತಿರಬೇಕು, ಅದನ್ನು ನೋವು ಬರುವ ಮೊದಲೇ ಮತ್ತೆ ಮತ್ತೆ ಮಾಡಬೇಕು. ಕ್ಯಾಮೆರಾವನ್ನು ಎರಡೂ ಕೈಗಳಲ್ಲಿ ಹಿಡಿದುಕೊಳ್ಳಬೇಕೆಂದು ಕಟ್ಟುನಿಟ್ಟಾಗಿ ಹೇಳಿಸಿಕೊಂಡವರು ಮೂಗನ್ನು ಯಾವ ಕೈಯಲ್ಲಿ ಹಿಡಿಯಬೇಕು? ಕಾಲೆಳೆದು ಕೆಳಗಿಳಿಸಿದಾಗಲಂತೂ ಅದಕ್ಕೆ ಸಮಯವೇ ಸಿಗಲಿಲ್ಲ. ಮರಳಿ ಬಂದ ಮೇಲೆ ಬಳ್ಳಾರಿಯ ಕಿವಿ, ಮೂಗು, ಗಂಟಲು ತಜ್ಞರು ಪರೀಕ್ಷಿಸಿ, ಒತ್ತಡದಿಂದ ಕಿವಿತಮಟೆಗೆ ಗಾಯವಾಗಿದೆ ಎಂದರು.

ಇಷ್ಟಾಗಿಯೂ ಒಳ್ಳೆಯ ಚಿತ್ರ ಸಿಗುವುದಿಲ್ಲ. ಕೆಂಪು ಬಣ್ಣವನ್ನು ನೀರು ಮೊದಲ ಕೆಲವೇ ಮೀಟರ್‌ಗಳಲ್ಲಿ ನುಂಗಿಹಾಕುವುದರಿಂದ ಉಳಿದೆಲ್ಲವೂ ಹಸಿರುನೀಲಿಯಾಗಿ ಕಾಣುತ್ತದೆ. ಲೆನ್ಸ್‌ನ ಪಕ್ಕದಲ್ಲೇ ಇರುವ ಫ್ಲ್ಯಾಶ್ ಹಾಕಿದರೆ ಮೀನಿಗಿಂತ ಮೊದಲು ನೀರಿನ ಕಣಗಳು ಬೆಳಗುತ್ತವೆ. ಬೆಳಕನ್ನು ಪಕ್ಕದಿಂದ ಬೀಳಿಸಿ, ತೋಳಿನಳತೆಯಷ್ಟು ಹತ್ತಿರ ಹೋಗಿ, ಯಾವುದನ್ನೂ ತಾಗದೆ ತೇಲುತ್ತ ನಿಲ್ಲಬಲ್ಲವರಿಗೆ ಮಾತ್ರ ಬಣ್ಣ ಸಿಗುತ್ತದೆ. ನನಗೆ ಹತ್ತಿರದ ಚಿತ್ರ ಸಿಗಲೆಂದು ಮಾರ್ಗದರ್ಶಕರು ಕಂಡುಕೊಂಡ ಉಪಾಯವೆಂದರೆ ನನ್ನ ಮೊಣಕಾಲುಗಳನ್ನು ಹವಳದ ಮೇಲೆ ಒತ್ತಿ ಕೂರಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಪಡೆದ ಜೀವಿಗಳ ಪಟ್ಟಿಯಾದ ಮೊದಲನೆಯ ಅನುಸೂಚಿಯಲ್ಲಿ ದರೋಜಿಯ ಕರಡಿಯೂ ಇದೆ, ಹವಳವೂ ಇದೆ. ವಿಷಮುಳ್ಳಿನ ಸ್ಕಾರ್ಪಿಯನ್ ಫಿಶ್‌ಗಳು ಕಲ್ಲಿನ ಬಣ್ಣಕ್ಕೇ ತಿರುಗಿ ಕೂರುವುದೂ ಇಂಥ ಜಾಗಗಳಲ್ಲೇ.

ಮೇಲೆ ಬಂದಾಗ ಕ್ಯಾಮೆರಾದ ಹೌಸಿಂಗ್‌ನೊಳಗೆ, ಅಂದರೆ ನೀರು ತಾಗದಂತೆ ಅದನ್ನು ಮುಚ್ಚಿಡುವ ಪೆಟ್ಟಿಗೆಯೊಳಗೆ, ನೀರು ತುಂಬಿತ್ತು. ಹೌಸಿಂಗ್‌ನ ಬಾಯಿಗೆ ಕೂರಿಸುವ ಓ-ರಿಂಗ್ ಎಂಬ ರಬ್ಬರ್ ಬಳೆಯ ಮೇಲೆ ಒಂದು ಕೂದಲೋ ಮರಳಿನ ಕಣವೋ ಇದ್ದರೂ ನೀರು ಒಳನುಗ್ಗುತ್ತದೆ; ಆದ್ದರಿಂದಲೇ ಅದನ್ನು ಒರೆಸಿ, ಮುಚ್ಚಿ, ದೋಣಿಯಲ್ಲೇ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿ ಆಮೇಲೆ ಕೊಡಬೇಕು. ನಮಗೆ ಅದನ್ನು ಮುಚ್ಚಿಯೇ ಕೊಟ್ಟಿದ್ದರು. ಆದರೂ ಕ್ಯಾಮೆರಾದ ಪೂರ್ತಿ ಬೆಲೆ ಕೇಳಿ, ವಾದವಿವಾದದ ನಂತರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡರು. ಮೆಮೊರಿ ಕಾರ್ಡ್ ಉಳಿದಿದೆ ಎಂದು ಹೇಳಿ ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕೆಲವು ಸೊಗಸಾದ ಚಿತ್ರಗಳನ್ನು ಕಳಿಸಿದರು. ಅವುಗಳಲ್ಲೊಂದರಲ್ಲಿ ನೀಲಿ ಹಳದಿ ಬಣ್ಣದ, ಹಣೆಯ ಮೇಲೆ ಕಿರೀಟದಂಥ ಬೊಟ್ಟಿರುವ ಕ್ವೀನ್ ಏಂಜೆಲ್ ಫಿಶ್ ಇತ್ತು. ಅದು ಕೆರಿಬಿಯನ್ ಮತ್ತು ಪಶ್ಚಿಮ ಅಟ್ಲಾಂಟಿಕ್‌ನ ಮೀನು. ಅರಬ್ಬೀ ಸಮುದ್ರದಲ್ಲಿ ಅದು ನನ್ನ ಕ್ಯಾಮೆರಾಕ್ಕೆ ಸಿಗುವ ಮಾತೇ ಇಲ್ಲ.

ಹೋಗಲೇಬೇಕೆನ್ನುವವರು ಮೊದಲ ಡೈವ್‌ಗೆ ಬರಿಗೈಯಲ್ಲಿ ಇಳಿಯಿರಿ, ಫೋಟೋ ಬೇಕಿದ್ದರೆ ಬೇರೊಬ್ಬ ಸಿಬ್ಬಂದಿ ತೆಗೆಯಲಿ. ಕಾರ್ಡಿನಲ್ಲಿರುವ ಚಿತ್ರಗಳನ್ನು ದೋಣಿಯಲ್ಲೇ ತೋರಿಸಿ, ದಿನಾಂಕ ಸಹಿತವಾದ ಮೂಲ ಫೈಲ್‌ಗಳನ್ನು ಕೊಡುವರೇ ಎಂದು ಮುಂಗಡಕ್ಕೆ ಮುನ್ನವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸ್ವತಃ ಕ್ಯಾಮೆರಾ ಹಿಡಿಯುವ ಆಸೆಯಿದ್ದರೆ 18 ಮೀಟರ್‌ವರೆಗೆ ಇಳಿಯಲು ಅರ್ಹತೆ ನೀಡುವ ಓಪನ್ ವಾಟರ್ ಕೋರ್ಸ್ ಮುಗಿಸಿ, ತೇಲುವುದನ್ನು ಹದಕ್ಕೆ ತಂದುಕೊಂಡ ಮೇಲೆ ಹಿಡಿಯಿರಿ. ಅದಕ್ಕೆ ಮೊದಲೇ ಕ್ಯಾಮೆರಾ ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಈಗಾಗಲೇ ಇಂಥವರಿಂದ ಮೋಸಹೋದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ ಮುರುಡೇಶ್ವರದವರೆಗೆ ಅಲೆಯಬೇಕಿಲ್ಲ; ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ನಾವು ಬಳ್ಳಾರಿಯಲ್ಲೇ ದೂರು ಸಿದ್ಧಪಡಿಸುತ್ತಿದ್ದೇವೆ. ಏಜೆಂಟರ ಸಂದೇಶಗಳು, ಹಣ ಪಾವತಿಯ ವಿವರ, ವೈದ್ಯರ ಚೀಟಿ ಹಾಗೂ ಆ ಏಂಜೆಲ್ ಫಿಶ್‌ನ ಚಿತ್ರ, ನಾಲ್ಕನ್ನೂ ಅದಕ್ಕೆ ಲಗತ್ತಿಸುತ್ತಿದ್ದೇವೆ.