ಫಾರ್ಮಕಾಲಜಿ ಫ್ಲ್ಯಾಶ್ ಕಾರ್ಡ್: ಒಂದು ಸೆಮಿಸ್ಟರ್ ಉಜ್ಜಿದ ಮೇಲೆ

ಔಷಧಿಗಳ ಹೆಸರು ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ 300 ಕಾರ್ಡುಗಳ ಈ ಡಬ್ಬಿ ತಗೊಂಡೆ. ಇದರಲ್ಲಿ ಹೆಸರಿನ ಬಾಲಕ್ಕೆ ಒಂದೊಂದು ಬಣ್ಣ. ‘ಲೋಲ್’ ಅಂತ ಮುಗಿದರೆ ನೀಲಿ, ಅಂದರೆ ಹೃದಯ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್. ‘ಪ್ರಿಲ್’ ಅಂದರೆ ಹಸಿರು, ಬಿಪಿ ಇಳಿಸುವ ಎಸಿಇ ಇನ್ಹಿಬಿಟರ್. ಅದರ ಹಿಂದೆ ಕೆಮ್ಮುವ ಮುಖದ ಚಿತ್ರ. ಆ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಅಲ್ವಾ?

ಪ್ರೊಪ್ರನೊಲೋಲ್ ಕಾರ್ಡಂತೂ ಸೊಗಸು. ಅದು ಹೃದಯದ ಬೀಟಾ-1 ಜೊತೆಗೆ ಶ್ವಾಸನಾಳದ ಬೀಟಾ-2 ರಿಸೆಪ್ಟರನ್ನೂ (ದೇಹದ ಸಂಕೇತ ಹಿಡಿಯುವ ಜಾಗ) ತಡೆಯುತ್ತದೆ, ಆಗ ಶ್ವಾಸನಾಳ ಬಿಗಿಯಬಹುದು. ಹಾಗಾಗಿ ಆಸ್ತಮಾ ಇರುವವರಿಗೆ ಕೊಡಬಾರದು. ಒಂದೇ ಚಿತ್ರದಲ್ಲಿ ಇಷ್ಟೂ ಇದೆ. ಕ್ಲಾಸಿನಲ್ಲಿ ಮೂರು ಸಲ ಕೇಳಿ ಮರೆತಿದ್ದೆ!

ಆದರೆ ಒಂದು ತಪ್ಪಿಗೆ ಮಾಫಿ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದುಗಳಲ್ಲಿ ಹೆಪಾರಿನ್‌ಗೆ ಪ್ರತಿಮದ್ದು ವಿಟಮಿನ್ ಕೆ, ವಾರ್ಫರಿನ್‌ಗೆ ಪ್ರೊಟಮೈನ್ ಅಂತ ಅದಲು ಬದಲು ಮಾಡಿ ಅಚ್ಚು ಹಾಕಿದ್ದಾರೆ. ವೈವಾದಲ್ಲಿ ಹಾಗೇ ಒದರಿ ಪೆಚ್ಚಾದೆ. ಈಗ ಪೆನ್ನಿನಲ್ಲಿ ತಿದ್ದಿಟ್ಟಿದ್ದೇನೆ.

ಔಷಧಿ ದೇಹಕ್ಕೆ ಹೇಗೆ ಸೇರಿ ಹೇಗೆ ಹೊರಹೋಗುತ್ತದೆ ಅನ್ನುವ ಫಾರ್ಮಕೊಕೈನೆಟಿಕ್ಸ್‌ಗೆ ಸುಮ್ನೆ ನಾಲ್ಕು ಕಾರ್ಡು. ಹಾಫ್ ಲೈಫ್ (ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯುವ ಸಮಯ) ಲೆಕ್ಕ ಬೇಕಾದರೆ ಪುಸ್ತಕವೇ ಗತಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್.